ಅನಿಲನ ಹಲ್ಲು

ಎದ್ದು ಕೈ ಚಾಚಿದರೆ ಬಾಟಲಿ ಖಾಲಿ. ಅಶ್ವಿನಿಗೆ ಮೊದಲು ಬಂದದ್ದು ಸಿಟ್ಟು.

"ನೀರು ತುಂಬಿಲ್ವೇನೇ?" ಎಂದು ಪಕ್ಕದ ಮಂಚದ ಕಡೆ ತಿರುಗಿ ಕೇಳಿದಳು. ಮಂಚದ ಮೇಲೆ ಸುತ್ತಿಟ್ಟ ಹಾಸಿಗೆ ಬಿಟ್ಟರೆ ಯಾರೂ ಇರಲಿಲ್ಲ. ಲಕ್ಷ್ಮೀದೇವಿ ಹಿಂದಿನ ದಿನವೇ ಪಾವಗಡದ ಬಸ್ಸು ಹತ್ತಿ ಊರಿಗೆ ಹೋಗಿದ್ದಳು. ಗೊತ್ತಿದ್ದೂ ಕೇಳಿದ್ದಳು ಅಶ್ವಿನಿ. ಎರಡು ವರ್ಷದ ರೂಢಿಯನ್ನು ನಾಲಿಗೆ ಅಷ್ಟು ಬೇಗ ಬಿಡುವುದಿಲ್ಲ.

ಮಧುಗಿರಿಯ ಆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕುಡಿಯುವ ನೀರಿಗೆ ಇರುವುದು ಕೆಳಗಿನ ಹಜಾರದ ಒಂದೇ ಫಿಲ್ಟರ್. ಅದರ ನಲ್ಲಿಯಲ್ಲಿ ನೀರು ಬರುವುದು ದಾರದಷ್ಟು ಸಣ್ಣಗೆ. ಬೆಳಗ್ಗೆ ಅಲ್ಲಿ ಸಾಲು, ಸಾಲಿನಲ್ಲಿ ಜಗಳ. ದೇವಿ ಎಲ್ಲರಿಗಿಂತ ಮುಂಚೆ ಎದ್ದು ಹೋಗಿ ಮೊದಲು ಅಶ್ವಿನಿಯ ಬಾಟಲಿ, ಆಮೇಲೆ ತನ್ನದು ತುಂಬಿ ತರುತ್ತಿದ್ದಳು. ಯಾರೂ ಅವಳಿಗೆ ಹೇಳಿದ್ದಲ್ಲ. ಅಶ್ವಿನಿ ಅದನ್ನು ಉಪಕಾರ ಎಂದುಕೊಂಡಿರಲೂ ಇಲ್ಲ. ಕೆಲವರಿಗೆ ಉಗುರು ಕಚ್ಚುವ ಚಟ, ಇವಳಿಗೆ ನೀರು ತುಂಬುವ ಚಟ ಎಂದುಕೊಂಡಿದ್ದಳು. ಟೈಫಾಯ್ಡ್ ಬಂದು ಮಲಗಿದಾಗ ತನ್ನ ವಾಂತಿ ಬಳಿದದ್ದು, ಫಿಸಿಕ್ಸಿನ ಲೆಕ್ಕಗಳನ್ನು ಮತ್ತೆ ಮತ್ತೆ ಹೇಳಿಕೊಟ್ಟದ್ದು, ಅದೂ ಇದೇ ಬಾಬತ್ತು. ದೇವಿ ಅಂದರೆ ಹಾಗೆ. ಫ್ಯಾನು ತಿರುಗುತ್ತದೆ, ದೇವಿ ಮಾಡುತ್ತಾಳೆ.

ಅಶ್ವಿನಿ ಕೆಟ್ಟ ಹುಡುಗಿಯಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಕೊರಟಗೆರೆ ಕಡೆಯ ಹೊಳವನಹಳ್ಳಿಯ ನಂದೀಶ್ವರಯ್ಯನವರ ಒಬ್ಬಳೇ ಮಗಳು. ಅಪ್ಪನಿಗೆ ಬಸ್ ಸ್ಟಾಪಿನ ಎದುರು ಗೊಬ್ಬರದ ಅಂಗಡಿ. ಹುಡುಗಿಗೆ ಬಾಯಿ ಜೋರು, ನಗು ಜೋರು, ಕೊಡುವ ಕೈಯೂ ಜೋರು. ತನಗೆ ಸಿಕ್ಕಿದ್ದೆಲ್ಲ ಸುಮ್ಮನೆ ಸಿಗುವಂಥದ್ದು ಎಂದು ತಿಳಿದಿದ್ದಳು, ಅಷ್ಟೇ. ಹದಿನೇಳರಲ್ಲಿ ನಾವು ಯಾರು ತಾನೇ ಹಾಗೆ ತಿಳಿದಿರಲಿಲ್ಲ?

ಆದರೂ ದೇವಿಯ ಹುಟ್ಟುಹಬ್ಬದ ದಿನ ಅವಳು ಮಾಡಿದ್ದನ್ನು ನಾನು ಹಗುರ ಮಾಡಿ ಹೇಳಲಾರೆ.

ದೇವಿಯ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದವು. ಮುಂದಿನ ಎರಡು ಹಲ್ಲಿನಲ್ಲಂತೂ ಅಡ್ಡಗೆರೆ ಎಳೆದ ಹಾಗೆ. ಕಾಲೇಜಿನಲ್ಲಿ ನಗು ಬಂದಾಗಲೆಲ್ಲ ಅವಳ ಎಡಗೈ ತಾನಾಗಿ ಬಾಯಿಗೆ ಬರುತ್ತಿತ್ತು. ರೂಮಿನ ಬಾಗಿಲು ಹಾಕಿಕೊಂಡ ಮೇಲೆ, ಅಶ್ವಿನಿಯ ಎದುರು ಮಾತ್ರ, ಆ ಕೈ ಕೆಳಗಿರುತ್ತಿತ್ತು. ಅಶ್ವಿನಿ ವಾರ್ಡನ್ ಮೇಡಂ ಥರ ನಡೆದು ತೋರಿಸಿದರೆ ದೇವಿ ಬಾಯಿ ತೆರೆದು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅದು ಎಷ್ಟು ದೊಡ್ಡ ನಂಬಿಕೆ ಎಂದು ಅಶ್ವಿನಿಗೆ ಗೊತ್ತಾಗಲಿಲ್ಲ. ಹಳ್ಳಿ ಹುಡುಗಿ, ಸರಿಯಾಗಿ ಹಲ್ಲುಜ್ಜುವುದು ಯಾರೂ ಕಲಿಸಿಲ್ಲ ಎಂದುಕೊಂಡಿದ್ದಳು. ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಹಲ್ಲು ಕಲೆಗಟ್ಟುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪೂರಾ ಮಾರ್ಕ್ಸ್ ತೆಗೆದುಕೊಂಡಿದ್ದವಳೇ ಅವಳು. ಮಾರ್ಕ್ಸ್ ಬಂದ ಮೇಲೆ ಓದಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಹಾಸ್ಟೆಲಿನಲ್ಲಿ ಆ ವರ್ಷ ಶುರುವಾದ ಒಂದು ಪದ್ಧತಿ. ಹುಟ್ಟುಹಬ್ಬದವಳಿಗೆ ಡಬ್ಬಿಯೊಳಗೆ ಡಬ್ಬಿ ಇಟ್ಟು, ಮೇಲೆ ಬಣ್ಣದ ಕಾಗದ ಸುತ್ತಿ ಕೊಡುವುದು. ಎಲ್ಲರ ಎದುರು ಅವಳು ಒಂದೊಂದೇ ಬಿಚ್ಚಬೇಕು. ಕಡೆಯ ಡಬ್ಬಿಯಲ್ಲಿ ನಗೆ ಬರಿಸುವಂಥದ್ದು ಏನಾದರೂ ಇರಬೇಕು. ಅಶ್ವಿನಿ ದೇವಿಗೆ ಕಟ್ಟಿಕೊಟ್ಟದ್ದರ ಕಡೆಯ ಡಬ್ಬಿಯಲ್ಲಿ ಒಂದು ಬ್ರಷ್ಷು ಮತ್ತು ಇದ್ದಿಲಿನ ಟೂತ್‌ಪೇಸ್ಟ್ ಇದ್ದವು. ಹಜಾರದಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ದೇವಿಯೂ ನಕ್ಕಳು, ಕೈ ಅಡ್ಡ ಇಟ್ಟುಕೊಂಡು. ಅಶ್ವಿನಿ ವಿಡಿಯೊ ಮಾಡಿ ಸ್ಟೇಟಸ್ಸಿಗೆ ಹಾಕಿದಳು.

ಅದನ್ನು ತೆಗೆಸಿದ್ದು ಶಿರಾದ ನೂರೀನ್, ಮೂರನೆಯ ಮಂಚದ ಹುಡುಗಿ. "ತೆಗಿ ಅದನ್ನ," ಎಂದಳು. "ನಮ್ಮಮ್ಮಿ ತಂಗೀನ ಕೊಟ್ಟಿರೋದು ಪಾವಗಡಕ್ಕೆ. ಅವರ ಮನೆ ಮಕ್ಕಳ ಹಲ್ಲೆಲ್ಲ ಹಿಂಗೇ. ಉಜ್ಜಿದ್ರೆ ಹೋಗಲ್ಲ ಅದು, ನೀರಿಂದು. ಸರಿಯಾಗಿ ನೋಡು ವಿಡಿಯೊ, ನಗ್ತಾ ಇರೋದು ನಾವು. ಅವಳಲ್ಲ."

ಅಶ್ವಿನಿ ನೋಡಿದಳು. ಕೈಯ ಮೇಲೆ ಕಾಣುತ್ತಿದ್ದ ದೇವಿಯ ಕಣ್ಣುಗಳಲ್ಲಿ ನಗು ಇರಲಿಲ್ಲ. ತೆಗೆದಳು. ಆದರೆ ಅಷ್ಟರಲ್ಲಿ ಅರ್ಧ ಕಾಲೇಜು ನೋಡಿತ್ತು.

"ತಮಾಷೆಗೆ ಕಣೇ, ಬೇಜಾರು ಮಾಡ್ಕೋಬೇಡ," ಎಂದಳು ದೇವಿಗೆ. "ಇಲ್ಲ ಬುಡು," ಎಂದಳು ದೇವಿ. ಅಲ್ಲಿಗೆ ಮುಗಿಯಿತು ಎಂದುಕೊಂಡಳು ಅಶ್ವಿನಿ. ಮರುದಿನ ಬಚ್ಚಲಿನ ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ, ಅದರ ಮರುದಿನವೂ. ಸಿಂಕಿನಲ್ಲಿ ಕಪ್ಪು ನೊರೆಯ ಜೊತೆ ರಕ್ತ ಕಂಡದ್ದು ನೂರೀನಳಿಗೆ. ಆ ಮಧ್ಯಾಹ್ನವೇ ದೇವಿ ಊರಿಗೆ ಹೊರಟುಬಿಟ್ಟಿದ್ದಳು.

ವಾರ ಕಳೆಯಿತು. ದೇವಿಯ ಫೋನ್ ಸ್ವಿಚ್ ಆಫ್. ಸೋಮವಾರದಿಂದ ಸೆಕೆಂಡ್ ಪಿಯುಸಿಯ ಪ್ರಾಕ್ಟಿಕಲ್ ಪರೀಕ್ಷೆ. "ಬರ್ಲಿಲ್ಲ ಅಂದ್ರೆ ಒಂದು ವರ್ಷ ಹೋಯ್ತು ಅಂತ ಅವಳಿಗೆ ಹೇಳ್ರಮ್ಮ ಯಾರಾದ್ರೂ," ಎಂದು ವಾರ್ಡನ್ ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳಿದರು. ನರ್ಸಿಂಗಿಗೋ ಬಿಎಸ್ಸಿಗೋ ಸೇರಬೇಕೆಂದಿದ್ದ ಹುಡುಗಿ. ತಪ್ಪಿದರೆ ಊರಿನಲ್ಲಿ ಅವಳಿಗೆ ಕಾದಿರುವುದು ಓದಲ್ಲ, ಮದುವೆ. ಶನಿವಾರ ಅಶ್ವಿನಿ ಪಾವಗಡದ ಬಸ್ಸು ಹತ್ತಿದಳು. ಪಶ್ಚಾತ್ತಾಪ ಅರ್ಧ, ವಿಡಿಯೊ ವಿಷಯ ವಾರ್ಡನ್‌ಗೆ ಗೊತ್ತಾದರೆ ಎಂಬ ಭಯ ಅರ್ಧ. ಯಾವುದು ಹೆಚ್ಚು ಎಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ದೇವಿಯ ಊರಿನ ಹೆಸರು ಬೇಡ. ಪಾವಗಡದಾಚೆ, ಆಂಧ್ರದ ಗಡಿಗೆ ಒತ್ತಿಕೊಂಡಿರುವ ಆ ಕಡೆಯ ಎಷ್ಟೋ ಊರುಗಳದು ಇದೇ ಕತೆ. ಬಸ್ಸಿಳಿದ ಕೂಡಲೇ ಕಂಡದ್ದು ಶುದ್ಧ ನೀರಿನ ಘಟಕದ ಸಣ್ಣ ಕಟ್ಟಡ. ಬಾಗಿಲಿಗೆ ಬೀಗ, ಬೀಗಕ್ಕೆ ಜೇಡರ ಬಲೆ. ಅದರ ಪಕ್ಕದ ಬೇವಿನ ನೆರಳಲ್ಲಿ ಹೆಂಗಸರು ಗುಂಪಾಗಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಕುಟ್ಟುವ ಸದ್ದಿಗಿಂತ ಅವರ ನಗುವಿನ ಸದ್ದೇ ಹೆಚ್ಚಾಗಿತ್ತು. ಮುದುಕಿಯರು, ಸೊಸೆಯರು, ಲಂಗದ ಹುಡುಗಿಯರು, ಬಹಳ ಮಂದಿಯ ಹಲ್ಲು ಕಂದು. ಒಬ್ಬರ ಕೈಯೂ ಬಾಯಿಗೆ ಹೋಗುತ್ತಿರಲಿಲ್ಲ.

ಅವರ ನಡುವೆ ದೇವಿ ಇದ್ದಳು. ಯಾರೋ ಏನೋ ಹೇಳಿದ್ದಕ್ಕೆ ತಲೆ ಹಿಂದಕ್ಕೆ ಹಾಕಿ, ಬಾಯಿ ತುಂಬ ನಗುತ್ತಿದ್ದಳು. ಅಶ್ವಿನಿ ನಿಂತಲ್ಲೇ ನಿಂತಳು. ಇದು ತಮ್ಮ ರೂಮಿನ ನಗು. ಇಷ್ಟು ದಿನ ಇದು ತನಗೊಬ್ಬಳಿಗೆ ಸಿಗುತ್ತಿದ್ದದ್ದು.

ದೇವಿ ತಲೆ ಎತ್ತಿದಳು, ಅಶ್ವಿನಿಯನ್ನು ಕಂಡಳು. ಅವಳ ಎಡಗೈ ಮೇಲೆದ್ದು ಬಾಯಿ ಮುಚ್ಚಿತು.

ಅಶ್ವಿನಿಗೆ ಅತ್ತುಬಿಡಬೇಕು ಅನ್ನಿಸಿತು. ಆದರೆ ಅಷ್ಟು ಜನರ ಎದುರು ನಗಬೇಕಾಯಿತು.

"ಬೆಳ್ಳನೆ ಹಲ್ಲು ನೋಡವ್ವ, ಈ ಪಾಪ ಯಾವೂರೋಳು?" ಎಂದಳು ಒಬ್ಬಾಕೆ. ಅದರಲ್ಲಿ ಕುಹಕವೇನೂ ಇರಲಿಲ್ಲ. ಆ ಊರಿನಲ್ಲಿ ಬಿಳಿ ಹಲ್ಲೆಂದರೆ ಹೊರಗಿನವರು ಎಂದು ಲೆಕ್ಕ. ಆದರೂ ಎಲ್ಲರೂ ತಿರುಗಿ ತನ್ನ ಬಾಯಿಯನ್ನೇ ನೋಡಿದಾಗ ಅಶ್ವಿನಿ ತುಟಿ ಮುಚ್ಚಿಕೊಂಡಳು.

"ಯಾಕ್ ಬಂದೆ?" ದೇವಿ ಮನೆಯ ಕಡೆ ನಡೆಯುತ್ತ ಕೇಳಿದಳು.

"ಸೋಮವಾರ ಪ್ರಾಕ್ಟಿಕಲ್ ಐತೆ ಕಣೇ. ನಿನ್ನ ಕರ್ಕೊಂಡು ಹೋಗೋಕೆ ಬಂದೆ."

"ನಾನು ಬರಕಾಗಲ್ಲ. ನೋಡಿದ್ಯಲ್ಲ, ನೀರಿನ ಮಿಷನ್ ಕೆಟ್ಟೈತೆ. ಪಕ್ಕದೂರಿಂದ ಸೈಕಲ್ ಮ್ಯಾಲೆ ತರಬೇಕು. ಅವ್ವ ಬೆಳಿಗ್ಗೇನೆ ವ್ಯಾನ್ ಹತ್ತಿ ಸೋಲಾರ್ ಪ್ಲಾಂಟಿಗೆ ಹುಲ್ಲು ಕೀಳಾಕೆ ಹೋಗ್ತಾಳೆ. ಅಜ್ಜಿ ಕೈಲಿ ಆಗಲ್ಲ. ಅದಕ್ಕೇ ಬಂದಿದ್ದು ನಾನು."

ನಿಜ ಹೇಳಬೇಕೆಂದರೆ ಅಶ್ವಿನಿಗೆ ಆ ಕ್ಷಣ ಹಗುರವಾಯಿತು. ನೀರಿಗೋಸ್ಕರ ಬಂದಿದ್ದಾಳೆ, ತನ್ನಿಂದಲ್ಲ. ಆ ಹಗುರ ಮನೆಯ ಹೊಸಿಲವರೆಗೆ ಮಾತ್ರ ಬಂತು.

ಹೊಸಿಲಲ್ಲಿ ದೇವಿಯ ಅಜ್ಜಿ ಕೊಲ್ಲಾಪುರಮ್ಮ ಕೂತಿದ್ದರು. ಅದೇ ನೀರು ಅವರ ಮೂಳೆಗೂ ಇಳಿದು ಬೆನ್ನು ಬಾಗಿಸಿತ್ತು. ಮುಖ ಎತ್ತಿ ನೋಡಲು ಇಡೀ ಮೈಯನ್ನೇ ಓರೆ ಮಾಡಬೇಕು. "ರಾ ಪಾಪಾ, ಕೂತ್ಕೋ. ನಮ್ಮ ದೇವಿ ಹಾಸ್ಟ್ಲು ಅಂದ್ರೆ ಅಶ್ವಿನಿ, ಅಶ್ವಿನಿ ಅಂದ್ರೆ ಹಾಸ್ಟ್ಲು. ನೀನೇನಾ?" ಎಂದರು. ಗೋಡೆ ಹಿಡಿದು ಒಳಗೆ ಹೋದರು. ಮೂಲೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ್ದ ಕ್ಯಾನಿನಿಂದ ಒಂದು ಲೋಟ ನೀರು ಬಗ್ಗಿಸಿ ತಂದರು. ಬಿಸಿಲಲ್ಲಿ ಬಂದ ಅಶ್ವಿನಿ ಗಟಗಟ ಕುಡಿದಳು.

"ಅಜ್ಜೀ, ಅದು ನಂದು!"

ಬಾಗಿಲಲ್ಲಿ ನಿಂತಿದ್ದವನು ದೇವಿಯ ತಮ್ಮ ಅನಿಲ, ಏಳು ವರ್ಷದವನು.

"ಸುಮ್ಕಿರ್ಲಾ. ಮನೆಗೆ ಬಂದೋರಿಗೆ ಕೊಡಬೇಕು," ಎಂದರು ಅಜ್ಜಿ. ಅಶ್ವಿನಿಗೆ ಅರ್ಥವಾಗಲಿಲ್ಲ. ಲೋಟ ಕೈಯಲ್ಲೇ ಉಳಿಯಿತು. ದೇವಿ ಹಿತ್ತಲಿಗೆ ಹೋದಳು.

"ನಾವೆಲ್ಲ ಗಡಿಗೆದು ಕುಡಿತೀವಿ, ಬೋರ್ ನೀರು. ಆ ಕ್ಯಾನು ಇವನದು," ಎಂದರು ಅಜ್ಜಿ. "ಲೋ ಅನಿಲ, ಹಲ್ಲು ತೋರ್ಸೋ ಅಕ್ಕನಿಗೆ."

ಅನಿಲ ಅಭ್ಯಾಸವಿದ್ದವನ ಹಾಗೆ ಮುಂದೆ ಬಂದು ಈ ಎಂದು ಹಲ್ಲು ಕಿಸಿದ. ಹಾಲುಹಲ್ಲು ಬಿದ್ದು ಹೊಸದಾಗಿ ಬಂದ ನಾಲ್ಕು ಹಲ್ಲುಗಳು, ಅಂಚು ಇನ್ನೂ ಗರಗಸದಂತೆ ಇದ್ದವು. ಬೆಳ್ಳಗೆ ಇದ್ದವು.

"ಈ ಬೀದೀಲಿ ಹುಟ್ಟಿದೋರಲ್ಲಿ ಇವನದೇ ಮೊದಲು," ಎಂದರು ಅಜ್ಜಿ. ಒಡವೆ ತೋರಿಸುವವರ ದನಿ ಅದು. "ಇವನು ಅವ್ವನ ಹೊಟ್ಟೇಲಿದ್ದಾಗ ದೇವಿ ಐದನೇ ಕ್ಲಾಸು. ಇಸ್ಕೂಲಿಗೆ ಯಾರೋ ಡಾಕ್ಟ್ರಮ್ಮ ಬಂದಿದ್ರಂತೆ. ನಿಂದು ಆಗೋಯ್ತಮ್ಮ, ಇನ್ನು ಹೋಗಲ್ಲ. ಹುಟ್ಟೋ ಮಗೀಗೆ ಎಂಟು ತುಂಬೋವರ್ಗೂ ಒಳ್ಳೆ ನೀರು ಕೊಟ್ರೆ ಅದರ ಹಲ್ಲು ಉಳಿತೈತೆ ಅಂದ್ರಂತೆ. ಅವತ್ತಿಂದ ಹಿಡಿದ್ಲು ನೋಡು. ಪಕ್ಕದೂರಲ್ಲಿ ಮಾತ್ರ ಮಿಷನ್ ಇತ್ತು. ಸೀಟಿಗೆ ಕುಂಡಿ ಎಟುಕ್ತಿರಲಿಲ್ಲ, ಸೈಕಲ್ ತಳ್ಕೊಂಡು ಹೋಗೋಳು. ಮಳೆ ಇಲ್ಲ, ಜ್ವರ ಇಲ್ಲ. ಅವನ ಗಂಜಿಗೂ ಅದೇ ನೀರು. ಇಲ್ಲಿ ಮಿಷನ್ ಬಂದ ಮೇಲೇನೆ ಅವಳು ಹಾಸ್ಟ್ಲಿಗೆ ಹೋಗಿದ್ದು."

ಅಶ್ವಿನಿ ಅನಿಲನ ಹಲ್ಲನ್ನೇ ನೋಡುತ್ತಿದ್ದಳು. ಹಲ್ಲುಜ್ಜಲು ಬರುವುದಿಲ್ಲ ಎಂದು ತಾನು ಯಾರಿಗೆ ಬ್ರಷ್ಷು ಕೊಟ್ಟಳೋ ಅವಳು ಮಾಡಿದ ಹಲ್ಲುಗಳು ಇವು. ನಾಚಿಕೆ ಎಂದರೆ ಏನೆಂದು ಅವಳಿಗೆ ಆವತ್ತು ಗೊತ್ತಾಯಿತು. ಲೋಟ ಕೆಳಗಿಟ್ಟಳು.

"ಮಿಷನ್ ಕೆಟ್ಟಿದ್ದಕ್ಕೆ ಬಂದ್ಲಂತಲ್ಲ ಅಜ್ಜಿ?" ಎಂದಳು ಮೆಲ್ಲಗೆ.

"ಅದು ಕೆಟ್ಟಿದ್ದು ಸಂಕ್ರಾಂತೀಲಿ. ನಮ್ಮ ಪಕ್ಕದ್ಮನೆ ಚಿಕ್ಕನರಸಯ್ಯ ಪಕ್ಕದೂರ ಡೈರಿಗೆ ಹಾಲು ಹಾಕಿ ಬರೋವಾಗ ಬೈಕಲ್ಲಿ ಒಂದು ಕ್ಯಾನು ತಂದ್ಕೊಡ್ತಿದ್ದ. ಇವಳು ಬಂದೋಳೇ, ಬ್ಯಾಡ ಮಾವಾ, ಇನ್ಮೇಲೆ ನಾನೇ ತತ್ತೀನಿ ಅಂದುಬಿಟ್ಲು." ಅಜ್ಜಿ ದನಿ ತಗ್ಗಿಸಿದರು. "ಬಂದಾಗ ವಸಡೆಲ್ಲ ಬಾತಿತ್ತು ಪಾಪ. ಎರಡು ದಿನ ಮುದ್ದೆ ನುಂಗಕಾಗ್ಲಿಲ್ಲ. ಏನಾಯ್ತೇ ಅಂದ್ರೆ ಹೇಳಲ್ಲ. ನಿಂಗೇನಾದ್ರೂ ಗೊತ್ತಾ? ನೀನು ಅವಳ ಜತೆಯೋಳಲ್ವಾ?"

ಅಶ್ವಿನಿ ಎದ್ದು ಹೊರಗೆ ಬಂದಳು.

ದೇವಿ ಸೈಕಲ್ಲಿಗೆ ಎರಡು ಖಾಲಿ ಕ್ಯಾನು ಕಟ್ಟಿ ಹೊರಟಿದ್ದಳು. ಅಶ್ವಿನಿ ಓಡಿಹೋಗಿ ಜೊತೆಗೂಡಿದಳು. ದಾರಿಯ ಎರಡೂ ಕಡೆ ಶೇಂಗಾ ಕಿತ್ತ ಬರಿ ಹೊಲ, ದೂರದಲ್ಲಿ ಸೋಲಾರ್ ಫಲಕಗಳ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಪಕ್ಕದೂರಿನ ಘಟಕದಲ್ಲಿ ಸಾಲು ನಿಂತು ನೀರು ಹಿಡಿದರು. ವಾಪಸು ಬರುವಾಗ ಅಶ್ವಿನಿ, "ನಾನು ತಳ್ತೀನಿ ಕೊಡು," ಎಂದು ಹಟ ಹಿಡಿದು ಹ್ಯಾಂಡಲ್ ಕಿತ್ತುಕೊಂಡಳು. ತುಂಬಿದ ಕ್ಯಾನುಗಳ ಸೈಕಲ್ ಎಂಥ ಹಟಮಾರಿ ಎಂದು ಅವಳಿಗೇನು ಗೊತ್ತು. ಇಳಿಜಾರಿನಲ್ಲಿ ಮುಂದಿನ ಚಕ್ರ ಕಲ್ಲಿಗೆ ಸಿಕ್ಕಿ ಹೊರಳಿತು, ಸೈಕಲ್ ಅವಳನ್ನೂ ಎಳೆದುಕೊಂಡು ಮಗ್ಗುಲಾಯಿತು. ಒಂದು ಕ್ಯಾನಿನ ಮುಚ್ಚಳ ಹಾರಿ ನೀರು ಬುಳುಬುಳು ಮಣ್ಣಿಗೆ ಹೋಯಿತು.

"ಏಯ್!" ದೇವಿ ಕಿರುಚಿದಳು. ಓಡಿ ಬಂದು ಕ್ಯಾನು ಎತ್ತಿ ನಿಲ್ಲಿಸುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. "ನಿಂಗೆ ಏನು ಗೊತ್ತೇ ನೀರಂದ್ರೆ? ಏನು ಗೊತ್ತು ನಿಂಗೆ? ಎದ್ರೆ ಬಾಟ್ಲಿ ತುಂಬಿರಬೇಕು, ಕುಡೀಬೇಕು, ಅಷ್ಟೇ!"

"ಸಾರಿ ಕಣೇ, ನಾನು ಬೇಕಂತ..."

"ಬೇಕಂತ ಮಾಡ್ಲಿಲ್ಲ! ಯಾವತ್ತೂ ಬೇಕಂತ ಮಾಡಲ್ಲ ನೀನು!" ದೇವಿಯ ಎರಡು ಕೈಗಳೂ ಕ್ಯಾನಿನ ಮೇಲಿದ್ದವು. ಬಾಯಿ ಮುಚ್ಚಿಕೊಳ್ಳುವ ನೆನಪೂ ಅವಳಿಗಿರಲಿಲ್ಲ. "ಆ ಡಬ್ಬಿ ಬಿಚ್ಚೋವಾಗ ನಾನೇನು ಅಂದ್ಕೊಂಡಿದ್ದೆ ಗೊತ್ತಾ? ನನಗೆ ಯಾರೂ ಯಾವತ್ತೂ ಗಿಫ್ಟ್ ಕೊಟ್ಟಿರಲಿಲ್ಲ. ಒಂದೊಂದು ಡಬ್ಬಿ ಬಿಚ್ಚಿದಾಗ್ಲೂ ಖುಷಿ ಆಗ್ತಿತ್ತು. ಎಷ್ಟು ಜೋಪಾನ ಕಟ್ಟವಳೆ ನಮ್ಮ ಅಶ್ವಿನಿ ಅಂತ."

ಅಶ್ವಿನಿ ಮಣ್ಣಿನಲ್ಲೇ ಕೂತಿದ್ದಳು. ಮೊಣಕೈ ತರಚಿತ್ತು.

"ಆ ಪೇಸ್ಟು ಹಾಕ್ಕೊಂಡು ಯಾಕೆ ಉಜ್ಜಿದೆ ಗೊತ್ತಾ? ಹೋಗಲ್ಲ ಅಂತ ಐದನೇ ಕ್ಲಾಸಿಂದ ನಂಗೆ ಗೊತ್ತು. ಆದ್ರೂ ಉಜ್ಜಿದೆ. ಅಶ್ವಿನಿ ಕೊಟ್ಟವಳೆ, ಅವಳು ತಿಳಿದೋಳು, ಯಾರಿಗ್ಗೊತ್ತು, ಹೋದ್ರೂ ಹೋಗ್ಬೋದು ಅಂತ." ಅವಳ ದನಿ ಒಡೆಯಿತು. "ಬೇರೆ ಯಾರೇ ಕೊಟ್ಟಿದ್ರೂ ಎಸೀತಿದ್ದೆ ಕಣೇ."

ಅಶ್ವಿನಿ ಅತ್ತಳು. ಚಿಕ್ಕ ಮಕ್ಕಳ ಹಾಗೆ ಮೂಗು ಸುರಿಸಿಕೊಂಡು ಅತ್ತಳು. "ತಪ್ಪಾಯ್ತು ಕಣೇ ದೇವಿ. ನಂಗೆ ಗೊತ್ತಿತ್ತು, ಓದಿದ್ದೆ. ನಿನ್ನ ಬಗ್ಗೆ ಯೋಚ್ನೆ ಮಾಡ್ಲಿಲ್ಲ ಅಷ್ಟೇ. ಯಾವತ್ತೂ ಮಾಡಿಲ್ಲ. ನನ್ನ ಮೇಲಿನ ಸಿಟ್ಟಿಗೆ ಪರೀಕ್ಷೆ ಬಿಡಬೇಡ. ನನ್ನ ಮಾತಾಡಿಸ್ದಿದ್ರೂ ಪರವಾಗಿಲ್ಲ, ಬಂದು ಬರಿ."

ದೇವಿ ಸೈಕಲ್ ಎತ್ತಿ ನಿಲ್ಲಿಸಿದಳು. ಸೆರಗಿನಂತೆ ವೇಲನ್ನು ಸೊಂಟಕ್ಕೆ ಸುತ್ತಿಕೊಂಡು, "ಏಳು, ಹಿಂದೆ ಹಿಡ್ಕೋ. ಓರೆ ಆಗದಂಗೆ ನೋಡ್ಕೋ," ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಮನೆ ಸೇರುವವರೆಗೂ ಅಶ್ವಿನಿ ಎರಡು ಕ್ಯಾನಿನ ಮೇಲೂ ಕೈಯಿಟ್ಟುಕೊಂಡೇ ನಡೆದಳು.

ಬಸ್ಸಿನ ಹೊತ್ತಾಗಿತ್ತು. ಒದ್ದೆ ಬಟ್ಟೆಯಲ್ಲಿ ಜಗುಲಿಯ ಮೇಲೆ ಕೂತ ಅಶ್ವಿನಿಯ ಎದುರು ಅನಿಲ ಬಂದು ನಿಂತ. ಅವಳ ಮುಖಕ್ಕೆ ಮುಖ ತಂದು ಬಾಯಿಯನ್ನೇ ನೋಡಿದ.

"ಅಕ್ಕಾ, ನಿನ್ನ ಹಲ್ಲೂ ಬೆಳ್ಳಗವೆ."

"ಹೂಂ ಕಣೋ."

"ನಿಂಗೆ ಯಾರು ನೀರು ತರೋರು?"

"ಯಾರೂ ತರ್ತಿರಲಿಲ್ಲ. ಸುಮ್ನೆ ಬಂದವು."

"ಸುಳ್ಳು," ಎಂದ ಅನಿಲ. "ಸುಮ್ಸುಮ್ನೆ ಹೆಂಗೆ ಬತ್ತವೆ? ಯಾರಾದ್ರೂ ತಂದೇ ಇರ್ತಾರೆ. ನಿಂಗೆ ನೆನಪಿಲ್ಲ."

ಹಿತ್ತಲ ಬಾಗಿಲಲ್ಲಿ ಕ್ಯಾನಿನ ಬಾಯಿಗೆ ಬಟ್ಟೆ ಕಟ್ಟುತ್ತಿದ್ದ ದೇವಿಯ ಕೈ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅಶ್ವಿನಿಗೆ ಹೊಳವನಹಳ್ಳಿಯ ಅಡುಗೆಮನೆ ಕಣ್ಣಿಗೆ ಬಂತು. ಅಲ್ಲಿ ಕೊಡ ಯಾವಾಗಲೂ ತುಂಬಿರುತ್ತಿತ್ತು. ಅದನ್ನು ಯಾರು ಯಾವಾಗ ತುಂಬುತ್ತಿದ್ದರು, ನೀರು ಎಲ್ಲಿಂದ ಬರುತ್ತಿತ್ತು, ಅವಳು ಒಂದು ಸಲವೂ ಕೇಳಿರಲಿಲ್ಲ.

ಹೊರಡುವ ಮೊದಲು ಪಕ್ಕದ ಮನೆಯ ಚಿಕ್ಕನರಸಯ್ಯನ ಬಾಗಿಲಿಗೆ ಹೋದಳು. ಯಾರ ಹತ್ತಿರವೂ ಏನನ್ನೂ ಬೇಡಿ ಗೊತ್ತಿಲ್ಲದ ಹುಡುಗಿ ಕೈ ಮುಗಿದು ನಿಂತು, "ಮತ್ತೆ ಕ್ಯಾನು ತಂದ್ಕೊಡಿ ಮಾವಾ, ಅವಳು ಪರೀಕ್ಷೆ ಮುಗಿಸೋವರ್ಗೂ," ಎಂದಳು. ಅವನು, "ನಾನು ಬ್ಯಾಡ ಅಂದಿದ್ನೇನಮ್ಮ? ಅವಳೇ ತಾನೇ ಬ್ಯಾಡ ಅಂದಿದ್ದು," ಎಂದ. ಬಸ್ ಸ್ಟಾಪಿನವರೆಗೆ ದೇವಿ ಬರಲಿಲ್ಲ.

ಸೋಮವಾರ ಹಾಸ್ಟೆಲಿನಲ್ಲಿ ಎಲ್ಲರಿಗಿಂತ ಮುಂಚೆ ಎದ್ದವಳು ಅಶ್ವಿನಿ. ಫಿಲ್ಟರಿನ ಮುಂದೆ ಎರಡು ಬಾಟಲಿ ಹಿಡಿದು ನಿಂತಳು. ಆ ದಾರದಷ್ಟು ನೀರಿನಲ್ಲಿ ಒಂದು ಬಾಟಲಿ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ, ನಿಂತು ನಿಂತು ಕಾಲು ಹೇಗೆ ಸೇದುತ್ತದೆ ಎಂದು ಆವತ್ತೇ ಅವಳು ಕಂಡದ್ದು. ಮೊದಲು ದೇವಿಯದು, ಆಮೇಲೆ ತನ್ನದು. ಖಾಲಿ ಮಂಚದ ತಲೆದೆಸೆಯಲ್ಲಿ ಬಾಟಲಿ ಇಟ್ಟು, ಬರುತ್ತಾಳೋ ಇಲ್ಲವೋ ಗೊತ್ತಿಲ್ಲದೆ ಕಾದಳು.

ದೇವಿ ಮೊದಲ ಬಸ್ಸಿಗೆ ಬಂದಳು. ಬ್ಯಾಗು ಇಳಿಸಿ, ಬಾಟಲಿ ನೋಡಿ, ಎತ್ತಿ ಕುಡಿದಳು. ಪ್ರಾಕ್ಟಿಕಲ್ ಬರೆದಳು, ಚೆನ್ನಾಗಿಯೇ ಬರೆದಳು.

ಸಂಜೆ ರೂಮಿನಲ್ಲಿ ನೂರೀನ್ ತನ್ನ ಲ್ಯಾಬಿನ ಅವಾಂತರ ಹೇಳುತ್ತಿದ್ದಳು. ಪಿಪೆಟ್ ಎಳೆಯಲು ಹೋಗಿ ದ್ರಾವಣ ಬಾಯಿಗೆ ಬಂದು ಎಕ್ಸಾಮಿನರ್ ಅಂಗಿಯ ಮೇಲೆ ಉಗಿದದ್ದು. ಬಾಗಿಲು ಹಾಕಿತ್ತು, ಇದ್ದದ್ದು ಮೂವರೇ. ಅಶ್ವಿನಿ ನಕ್ಕಳು. ದೇವಿಗೂ ನಗು ಬಂತು. ಅವಳ ಎಡಗೈ ಮೇಲೆದ್ದು ಬಾಯಿ ಮುಚ್ಚಿತು. ಅಶ್ವಿನಿ ಆ ಕೈಯನ್ನೇ ನೋಡುತ್ತಿದ್ದಳು. ನಗು ಮುಗಿಯುವವರೆಗೂ ಅದು ಕೆಳಗಿಳಿಯಲಿಲ್ಲ.

ಮಾರನೆಯ ದಿನವೂ ಅಶ್ವಿನಿ ಎಲ್ಲರಿಗಿಂತ ಮುಂಚೆ ಎದ್ದು ಬಾಟಲಿಗಳನ್ನು ತೆಗೆದುಕೊಂಡು ಕೆಳಗೆ ಹೋದಳು.